ಸಿಂಟೆಕ್ಸ್ ಎತ್ತರಿಸಿದರೆ ಫ್ಲಶ್ ಜೋರಾಗುತ್ತದೆಯೇ?

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ. ಕೆಳಗಿನ ಕಮೋಡ್ ಒಂದೇ ಸಲಕ್ಕೆ ಶುಚಿಯಾಗುತ್ತದೆ. ಮೇಲಿನದಕ್ಕೆ ಎರಡು ಮೂರು ಸಲ ಒತ್ತಬೇಕು, ಕೊನೆಗೆ ಬಕೆಟ್ ನೀರೇ ಗತಿ. ‘ಸಿಂಟೆಕ್ಸ್ ಎತ್ತರ ಸಾಲದು, ಪ್ರೆಶರ್ ಇಲ್ಲ. ಸ್ಟ್ಯಾಂಡ್ ಎತ್ತರಿಸಿ, ಇಲ್ಲಾಂದ್ರೆ ಪ್ರೆಶರ್ ಪಂಪ್ ಹಾಕಿಸಿ’ ಅಂತಾರೆ ಪ್ಲಂಬರ್. ಹಾಕಿಸಲೇ?

ಉತ್ತರ: ಬೇಡ. ಈ ಪ್ರಶ್ನೆಗೆ ಎಷ್ಟು ಸಲ ‘ಬೇಡ’ ಎಂದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ನನ್ನ ಮಾತು ನಂಬಬೇಡಿ, ನೀವೇ ನೋಡಿ. ಕಮೋಡಿನ ಹಿಂದಿನ ಫ್ಲಶ್ ಟ್ಯಾಂಕ್ ಪೂರ್ತಿ ತುಂಬಲಿ. ಪಕ್ಕದ ಗೋಡೆಯಲ್ಲಿರುವ ಆ್ಯಂಗಲ್ ಕಾಕನ್ನು ಬಿಗಿಯಾಗಿ ಮುಚ್ಚಿ. ಈಗ ನಿಮ್ಮ ಸಿಂಟೆಕ್ಸಿಗೂ ಫ್ಲಶ್ ಟ್ಯಾಂಕಿಗೂ ಸಂಬಂಧವೇ ಇಲ್ಲ. ಈಗ ಫ್ಲಶ್ ಒತ್ತಿ. ನೀರು ದಿನಾ ಎಷ್ಟು ಜೋರಾಗಿ ಬರುತ್ತಿತ್ತೋ ಅಷ್ಟೇ ಜೋರಾಗಿ ಬರುತ್ತದೆ. ಸಂಪರ್ಕವೇ ಇಲ್ಲದ ಟ್ಯಾಂಕಿನ ಎತ್ತರ ಫ್ಲಶ್‌ಗೆ ಬಲ ಕೊಡುವುದಾದರೂ ಹೇಗೆ?

ಫ್ಲಶ್ ಟ್ಯಾಂಕ್ ಎಂದರೆ ಗಾಳಿಗೆ ತೆರೆದುಕೊಂಡ ಒಂದು ಡಬ್ಬಿ, ಅಷ್ಟೆ. ಸಿಂಟೆಕ್ಸಿನ ನೀರು ಅದರೊಳಗೆ ಬಿದ್ದ ಮೇಲೆ ಅದರ ಹಿಂದಿದ್ದ ಒತ್ತಡ ಅಲ್ಲಿಗೇ ಮುಗಿಯಿತು. ಗುಂಡಿ ಒತ್ತಿದಾಗ ತಳದ ವಾಲ್ವ್ ಮೇಲೇಳುತ್ತದೆ, ಆರು ಲೀಟರ್ ನೀರು ತನ್ನದೇ ಭಾರಕ್ಕೆ ಮೂರ್ನಾಲ್ಕು ಸೆಕೆಂಡಿನಲ್ಲಿ ಬೀಳುತ್ತದೆ. ಆ ಬಲ ತೀರ್ಮಾನವಾಗುವುದು ಮೂರರಿಂದ: ಡಬ್ಬಿಯಲ್ಲಿ ನೀರು ಎಷ್ಟು ನಿಂತಿದೆ, ತಳದ ಬಾಯಿ ಎಷ್ಟು ತೆರೆಯಿತು, ಕಮೋಡಿನ ಅಂಚಿನ ಕೆಳಗಿನ ತೂತುಗಳು ಎಷ್ಟು ಸ್ವಚ್ಛವಾಗಿವೆ.

ಹಾಗಾದರೆ ಮೇಲಿನ ಮಹಡಿಯದ್ದೇ ಏಕೆ ಕೈಕೊಡುತ್ತದೆ? ನಂಬಿಕೆಗೆ ಬೇರು ಸಿಕ್ಕಿರುವುದು ಇಲ್ಲೇ. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ಮೇಲಿನ ಬಚ್ಚಲಿಗೂ ಸಿಂಟೆಕ್ಸಿಗೂ ಎರಡು ಮೀಟರ್ ಅಂತರವಿದ್ದರೆ ಸಿಗುವುದು 0.2 ಕೆ.ಜಿ. ಮಾತ್ರ, ಕೆಳಗಿನ ಮನೆಗೆ ಅದರ ಎರಡೂವರೆ ಪಟ್ಟು. ಈ ವ್ಯತ್ಯಾಸದಿಂದ ಆಗುವುದು ಒಂದೇ: ಕೆಳಗಿನ ಫ್ಲಶ್ ಟ್ಯಾಂಕ್ ಬೇಗ ತುಂಬುತ್ತದೆ, ಮೇಲಿನದು ನಿಧಾನ. ಮೇಲಿನದು ತುಂಬಲು ನಾಲ್ಕೈದು ನಿಮಿಷ ಬೇಕಿರುವಾಗ ಒಂದೇ ನಿಮಿಷಕ್ಕೆ ಮತ್ತೆ ಒತ್ತಿದರೆ ಒಂದೂವರೆ ಲೀಟರ್ ಬೀಳುತ್ತದೆ, ನಾವು ‘ಪ್ರೆಶರ್ ಇಲ್ಲ’ ಅನ್ನುತ್ತೇವೆ. ಅಲ್ಲಿ ಇಲ್ಲದಿರುವುದು ನೀರು, ಪ್ರೆಶರ್ ಅಲ್ಲ. ತುಂಬುವುದು ತೀರಾ ತಡವಾದರೆ ಆ್ಯಂಗಲ್ ಕಾಕ್ ಮುಚ್ಚಿ ಕನೆಕ್ಷನ್ ಪೈಪ್ ಬಿಚ್ಚಿ; ಒಳಗೆ ಬರುವ ಬಾಯಲ್ಲಿ ಬೆರಳುಗುರಿನಷ್ಟು ಜಾಲರಿ ಇರುತ್ತದೆ. ಬೋರ್‌ವೆಲ್ ಮರಳು ಅಲ್ಲಿ ಕೂತಿರುತ್ತದೆ. ತೊಳೆದು ಹಾಕಿ. ಖರ್ಚಿಲ್ಲ.

ಹಳೆಯ ಮನೆಗಳಲ್ಲಿ ತಲೆಯ ಮೇಲೆ ಆರಡಿ ಎತ್ತರದಲ್ಲಿ ಬೀಡುಕಬ್ಬಿಣದ ಟ್ಯಾಂಕ್, ಎಳೆಯಲು ಸರಪಳಿ ಇರುತ್ತಿತ್ತಲ್ಲ, ಅಲ್ಲಿ ಎತ್ತರಕ್ಕೆ ನಿಜವಾಗಿಯೂ ಬೆಲೆ ಇತ್ತು. ಆದರೆ ಅದು ಫ್ಲಶ್ ಟ್ಯಾಂಕಿನ ಎತ್ತರ, ತಾರಸಿಯ ಟ್ಯಾಂಕಿನದಲ್ಲ. ಆ ನೆನಪನ್ನು ತಂದು ಸಿಂಟೆಕ್ಸಿಗೆ ಕಟ್ಟಬಾರದು.

ಪ್ಲಂಬರ್ ಮಾತು ನಿಜವಾಗುವುದು ಒಂದೇ ಕಡೆ: ಟ್ಯಾಂಕೇ ಇಲ್ಲದ ಫ್ಲಶ್ ವಾಲ್ವ್. ತಾರಸಿಯಿಂದ ದಪ್ಪ ಪೈಪ್, ಒಂದೂಕಾಲು ಇಂಚಿನದೋ ಒಂದೂವರೆ ಇಂಚಿನದೋ, ನೇರ ಗೋಡೆಯ ವಾಲ್ವಿಗೆ ಬಂದಿರುತ್ತದೆ. ಒತ್ತಿದಷ್ಟು ಹೊತ್ತೂ ನೀರು ಸಿಂಟೆಕ್ಸಿನಿಂದಲೇ ಬರುತ್ತದೆ. ಅಲ್ಲಿ ಎತ್ತರವೂ ಬೇಕು, ಪೈಪಿನ ದಪ್ಪವೂ ಬೇಕು. ಗೋಡೆಯೊಳಗೆ ಹುದುಗಿಸಿದ ಕನ್ಸೀಲ್ಡ್ ಟ್ಯಾಂಕನ್ನು ಇದರ ಜೊತೆ ಸೇರಿಸಬೇಡಿ. ಕಣ್ಣಿಗೆ ಕಾಣದಿದ್ದರೂ ಅದು ಟ್ಯಾಂಕೇ, ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ.

ಇನ್ನು ನಿಜವಾದ ದೋಷ ಹುಡುಕೋಣ. ಅರ್ಧ ಬಕೆಟ್, ಅಂದರೆ ಏಳೆಂಟು ಲೀಟರ್ ನೀರನ್ನು ಸೊಂಟದೆತ್ತರದಿಂದ ಎರಡು ಮೂರು ಸೆಕೆಂಡಿನಲ್ಲಿ ಕಮೋಡಿಗೆ ಸುರಿಯಿರಿ. ಎಲ್ಲ ಕೊಚ್ಚಿಕೊಂಡು ಹೋದರೆ ತೊಂದರೆ ಫ್ಲಶ್ ಟ್ಯಾಂಕಿನಲ್ಲಿದೆ ಅಥವಾ ಅಂಚಿನ ತೂತುಗಳಲ್ಲಿದೆ. ನೀರು ಮೇಲೇರಿ ನಿಧಾನಕ್ಕೆ ಇಳಿದರೆ ತೊಂದರೆ ಟ್ರ್ಯಾಪಿನಲ್ಲಿದೆ (ಕಮೋಡಿನ ತಳದಲ್ಲಿ ನೀರು ನಿಲ್ಲುವ ಬಾಗಿದ ಕೊಳವೆ) ಅಥವಾ ಅದರಾಚೆಯ ಪೈಪಿನಲ್ಲಿದೆ. ಬಕೆಟ್ ನೀರೇ ಗತಿ ಎಂದು ನೀವೇ ಬರೆದಿದ್ದೀರಿ. ಅಂದರೆ ನಿಮ್ಮ ಟ್ರ್ಯಾಪೂ ಪೈಪೂ ಚೆನ್ನಾಗಿವೆ.

ಟ್ಯಾಂಕಿನ ಮುಚ್ಚಳ ತೆಗೆಯಿರಿ. ಮಧ್ಯದ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಒಂದು ಇಂಚು ಕೆಳಗಿನವರೆಗೆ ನೀರು ನಿಲ್ಲಬೇಕು. ಅದಕ್ಕಿಂತ ಕಡಿಮೆಯಿದ್ದರೆ ಫ್ಲೋಟಿನ (ನೀರಿನ ಮೇಲೆ ತೇಲುವ ಭಾಗ) ಸ್ಕ್ರೂ ತಿರುಗಿಸಿ ಏರಿಸಿ. ತುಂಬಿದ ನೀರು ತಾನಾಗಿ ಇಳಿಯುತ್ತಿದೆಯೇ ತಿಳಿಯಲು ಬಟ್ಟೆಗೆ ಹಾಕುವ ನೀಲಿಯ ಹತ್ತು ಹನಿ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನಲ್ಲಿ ನೀಲಿ ಕಂಡರೆ ತಳದ ರಬ್ಬರ್ ವಾಷರ್ ಹೋಗಿದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಆಮೇಲೆ ಗುಂಡಿ ಒತ್ತಿ, ವಾಲ್ವ್ ಎಷ್ಟು ಮೇಲೇಳುತ್ತದೆ ನೋಡಿ. ಗುಂಡಿಯ ಕೆಳಗಿನ ಕಡ್ಡಿ ಗಿಡ್ಡವಾಗಿದ್ದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಕಡ್ಡಿಯನ್ನು ತಿರುಗಿಸಿ ಉದ್ದ ಮಾಡಬಹುದು. ಎರಡು ಗುಂಡಿಗಳಲ್ಲಿ ಚಿಕ್ಕದು ಮೂರು ಲೀಟರಿನದು, ಮೂತ್ರಕ್ಕೆ ಮಾತ್ರ ಎಂಬುದನ್ನು ಮನೆಯವರಿಗೆಲ್ಲ ಹೇಳಿ.

ಟ್ಯಾಂಕ್ ಸರಿಯಿದ್ದೂ ನೀರು ಒಂದೇ ಕಡೆಯಿಂದ ಸೋರಿದಂತೆ ಬಂದರೆ ಅಂಚಿನ ತೂತುಗಳಲ್ಲಿ ಗಡಸು ನೀರಿನ ಸುಣ್ಣ ಕಟ್ಟಿದೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದನ್ನೇ ಮೊದಲು ನೋಡಬೇಕು. ಕನ್ನಡಿ ಹಿಡಿದರೆ ಕಾಣುತ್ತದೆ. 100 ಗ್ರಾಂ ಸಿಟ್ರಿಕ್ ಆ್ಯಸಿಡ್ ಅನ್ನು (ದಿನಸಿ ಅಂಗಡಿಯ ನಿಂಬೆ ಉಪ್ಪು) ಒಂದು ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡುತ್ತದೆ. ರಾತ್ರಿ ಮಲಗುವ ಮುನ್ನ ಓವರ್‌ಫ್ಲೋ ಕೊಳವೆಯೊಳಗೆ ನಿಧಾನಕ್ಕೆ ಹೊಯ್ಯಿರಿ, ಬೆಳಿಗ್ಗೆ ಪ್ರತಿ ತೂತಿಗೂ ಪ್ಲಾಸ್ಟಿಕ್ ಹೊದಿಕೆಯ ತಂತಿ ಆಡಿಸಿ ಫ್ಲಶ್ ಮಾಡಿ. ಹಳೆಯ ಸುಣ್ಣಕ್ಕೆ ಎರಡು ಮೂರು ರಾತ್ರಿ ಬೇಕಾದೀತು. ಒಂದು ಮಾತು ಮರೆಯಬೇಡಿ: ಟಾಯ್ಲೆಟ್ ಕ್ಲೀನರ್ ಅಥವಾ ಯಾವುದೇ ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ. ಹೊರಡುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶ ಸುಡುತ್ತದೆ.

ಬಕೆಟ್ ಪರೀಕ್ಷೆಯಲ್ಲಿ ಸೋತ ಕಮೋಡಿನವರಿಗೆ: ಮೊದಲು ಪ್ಲಂಜರ್ (ಹಿಡಿಗೆ ಕೂರಿಸಿದ ರಬ್ಬರ್ ಬಟ್ಟಲು), ಅದರ ಬಾಯಿ ಮುಳುಗುವಷ್ಟು ನೀರಿಟ್ಟು ಹದಿನೈದಿಪ್ಪತ್ತು ಸಲ. ಸಿಕ್ಕಿಕೊಂಡಿರುವುದು ಸಾಮಾನ್ಯವಾಗಿ ಪ್ಯಾಡ್, ವೆಟ್ ವೈಪ್ಸ್ ಅಥವಾ ಅಂಚಿಗೆ ನೇತುಹಾಕಿದ್ದ ಸುವಾಸನೆಯ ಪ್ಲಾಸ್ಟಿಕ್ ಗೂಡು. ಗುಳುಗುಳು ಸದ್ದು ಬಂದರೆ ತಾರಸಿಗೆ ಹೋಗಿ ಗಾಳಿ ಪೈಪ್ ನೋಡಿ. ಹಕ್ಕಿಗೂಡೋ ಯಾರೋ ಕವುಚಿದ ಡಬ್ಬಿಯೋ ಇರಬಹುದು. ಇಂಡಿಯನ್ ಪ್ಯಾನ್ ಕಿತ್ತು ಕಮೋಡ್ ಕೂರಿಸಿದ ದಿನದಿಂದಲೇ ತೊಂದರೆಯಿದ್ದರೆ ಪೈಪಿನ ಇಳಿಜಾರು ಕೇಳಿ: ನಾಲ್ಕಿಂಚಿನ ಪೈಪಿಗೆ ನಲವತ್ತು ಅಡಿಗೆ ಒಂದಡಿ ಇಳಿತ ಇರಬೇಕು.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿ ಇಡುವ ಸಲಹೆ ಮನೆಮನೆಗೂ ತಲುಪಿತು. ಹತ್ತು ಲೀಟರಿನ ಹಳೆಯ ಟ್ಯಾಂಕಿಗೆ ಅದು ಸರಿ. ಆರು ಲೀಟರಿನದಕ್ಕೆ ಅಲ್ಲ. ಒಂದು ಲೀಟರ್ ಉಳಿಸಲು ಹೋಗಿ ಎರಡು ಸಲ ಒತ್ತಿದರೆ ಹತ್ತು ಲೀಟರ್ ಹೋಯಿತು. ಎಷ್ಟು ನೀರು ಬೇಕೆಂದು ನಿರ್ಧರಿಸುವುದು ಪ್ಯಾನಿನ ಆಕಾರ. ಹಳ್ಳಿಯ ಜೋಡಿಗುಂಡಿ ಶೌಚಾಲಯದ ಪ್ಯಾನ್ ನೋಡಿ: 25ರಿಂದ 28 ಡಿಗ್ರಿ ಕಡಿದಾದ ಇಳಿಜಾರು, ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ತಡೆ ಬರೀ 20 ಮಿ.ಮೀ. ಹಾಗಾಗಿ ಅದಕ್ಕೆ ಒಂದೂವರೆ ಎರಡು ಲೀಟರ್ ಸಾಕು. ನಿಮ್ಮ ಕಮೋಡಿನಲ್ಲಿ ಆ ತಡೆ 50 ಮಿ.ಮೀ. ಆಸುಪಾಸು, ಅಷ್ಟು ನೀರನ್ನು ತಳ್ಳಿಕೊಂಡೇ ಹೊಸ ನೀರು ಹೋಗಬೇಕು. ಮೇಲಿನ ಮಹಡಿಯ ಫ್ಲಶ್ ಟ್ಯಾಂಕಿನಲ್ಲಿ ಅಂದು ಇಟ್ಟ ಬಾಟಲಿ ಇನ್ನೂ ಇದ್ದರೆ, ಫ್ಲೋಟ್ ಮುಟ್ಟುವ ಮೊದಲು ಅದನ್ನು ತೆಗೆಯಿರಿ.