ಟೋಪಿ ಗಿಡ ಯಾರಿಗೆ ಟೋಪಿ ಹಾಕಿತು?

ದೊಡ್ಡಮ್ಮನಿಗೆ ಕೆಲವು ಸಮಯದಿಂದ ರಾತ್ರಿ ನಿದ್ದೆ ಸರಿ ಬರುವುದಿಲ್ಲ. ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ಒಂದು ಬಾಟಲಿ ಕ್ಯಾಪ್ಸೂಲ್ ತಂದುಕೊಟ್ಟು ಹೋಗಿದ್ದ. ಕಾಸರಗೋಡಿನ ಪೆರ್ಲದ ಹತ್ತಿರದ ಅವರ ಮನೆಗೆ ನಾನು ಹೋದ ದಿನ ಬಾಟಲಿಯನ್ನು ಕೈಗೆ ಕೊಟ್ಟು, "ಇದರಲ್ಲಿ ಎಂತ ಬರೆದಿದೆ ನೋಡು ಮಾರಾಯ" ಎಂದರು. ಸ್ಕಲ್‌ಕ್ಯಾಪ್ ಎಂದಿತ್ತು. ಅದೊಂದು ಮದ್ದಿನ ಗಿಡ, ಹೆಸರಿಗೆ ತಲೆಗೆ ಅಂಟಿ ಕೂರುವ ಟೊಪ್ಪಿ ಎಂದು ಅರ್ಥ ಎಂದೆ.

"ತಳಂಗರೆ ಟೊಪ್ಪಿಯಾ?"

ಕಾಸರಗೋಡಿನವರಿಗೆ ಬೇರೆ ಯಾವ ಟೊಪ್ಪಿ ನೆನಪಾಗಬೇಕು ಹೇಳಿ! ಪೇಟೆಯ ಪಕ್ಕದ ತಳಂಗರೆಯಲ್ಲಿ ಮನೆ ಮನೆಯ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೈಯಲ್ಲೇ ನೂಲಿನ ಕಸೂತಿ ಹಾಕಿ ಮಾಡುತ್ತಿದ್ದ ಟೊಪ್ಪಿಗಳು ಒಂದು ಕಾಲಕ್ಕೆ ಗಲ್ಫ್ ದೇಶಗಳಿಗೆ ಹೋಗುತ್ತಿದ್ದವು. ಈಗ ಹೊಲಿಯುವವರು ತೀರಾ ಕಡಿಮೆ.

ಗಿಡದ ಟೊಪ್ಪಿ ಇರುವುದು ಹೂವಿನ ಬುಡದಲ್ಲಿ. ಸ್ಕಲ್‌ಕ್ಯಾಪ್ ನಮ್ಮ ತುಳಸಿ, ತುಂಬೆ, ಪುದೀನಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಗುರುತು ಹಿಡಿಯಲು ಪುಸ್ತಕ ಬೇಡ. ಅಂಗಳದ ತುಳಸಿಯ ಎಳೆ ದಂಟನ್ನು ಎರಡು ಬೆರಳ ನಡುವೆ ಸುಮ್ನೆ ಹೊರಳಿಸಿ ನೋಡಿ. ಉರುಳುವುದಿಲ್ಲ, ತಡೆಯುತ್ತದೆ. ದಂಟಿಗೆ ನಾಲ್ಕು ಮೂಲೆ. ಎಲೆಗಳು ಎದುರುಬದುರು, ಹೂವಿಗೆ ಎರಡು ತುಟಿ, ಒಳಗೆ ನಾಲ್ಕು ಪುಟ್ಟ ಬೀಜ. ಸ್ಕಲ್‌ಕ್ಯಾಪಿಗೂ ಇದೆಲ್ಲ ಉಂಟು. ಆದರೆ ತುಳಸಿಯ ಹಾಗೆ ಘಮಘಮ ಅನ್ನುವುದಿಲ್ಲ. ಅದರದ್ದೇ ಆದ ಗುರುತು ಹೂವನ್ನು ಹಿಡಿದುಕೊಂಡಿರುವ ಹಸಿರು ಬಟ್ಟಲಿನ ಮೇಲಿದೆ. ಬಟ್ಟಲಿನ ಬೆನ್ನಿನಲ್ಲಿ ಒಂದು ಸಣ್ಣ ಉಬ್ಬು ಎದ್ದಿರುತ್ತದೆ, ಮಗುಚಿಟ್ಟ ತಟ್ಟೆಯಂತೆ. ಹೂ ಉದುರಿದ ಮೇಲೆ ಬಟ್ಟಲಿನ ತುಟಿಗಳು ಮುಚ್ಚಿಕೊಳ್ಳುತ್ತವೆ. ಬೀಜ ಬಲಿತು ಒಣಗಿದಾಗ ಮೇಲಿನ ತುಟಿ ಟೊಪ್ಪಿ ತೆಗೆದ ಹಾಗೆ ಕಳಚಿ ಬೀಳುತ್ತದೆ. ಈ ಉಬ್ಬಿನಿಂದಲೇ ಕುಲಕ್ಕೆ ಸ್ಕುಟೆಲ್ಲೇರಿಯಾ ಎಂದು ಹೆಸರು. ಲ್ಯಾಟಿನ್‌ನಲ್ಲಿ ಸ್ಕುಟೆಲ್ಲಾ ಎಂದರೆ ಸಣ್ಣ ತಟ್ಟೆ.

ಪ್ರಪಂಚದಲ್ಲಿ ಈ ಕುಲದ 350ಕ್ಕೂ ಜಾಸ್ತಿ ಜಾತಿಗಳಿವೆ. ನಮ್ಮ ಪಶ್ಚಿಮಘಟ್ಟದಲ್ಲೂ ಕೆಲವು ಇವೆ. ಸ್ಕುಟೆಲ್ಲೇರಿಯಾ ವಯೊಲೇಸಿಯಾ ಅವುಗಳಲ್ಲಿ ಒಂದು. ಆದರೆ ಮದ್ದಿನ ಲೋಕದಲ್ಲಿ ದೊಡ್ಡ ಹೆಸರು ಮಾಡಿದ್ದು ಎರಡೇ, ಚೀನಾದ್ದು ಮತ್ತು ಅಮೆರಿಕದ್ದು.

ಚೀನಾದವರು ಬಳಸುವುದು ಬೇರನ್ನು. ಹ್ವಾಂಗ್ ಚಿನ್ ಎಂದು ಕರೆಯುತ್ತಾರೆ. ಕತ್ತರಿಸಿದರೆ ಒಳಗೆ ಅರಸಿನದ ಹಳದಿ. ಜ್ವರಕ್ಕೆ, ಭೇದಿಗೆ, ಕೆಮ್ಮಿಗೆ ಕೊಡುವ ಕಷಾಯಗಳಲ್ಲಿ ಇದು ಸುಮಾರು 2000 ವರ್ಷಗಳಿಂದ ಇದೆ. ಬೈಕಾಲಿನ್, ಬೈಕಾಲೀನ್ (ಉಚ್ಚಾರ ಹತ್ತಿರ, ವಸ್ತು ಬೇರೆ), ವೊಗೊನಿನ್ ಎಂಬ ವಸ್ತುಗಳು ಬೇರಿನಲ್ಲಿ ಹೇರಳ. ವಿಶೇಷ ಅಂದರೆ ಅದೇ ಗಿಡದ ಎಲೆಯಲ್ಲಿ ತಯಾರಾಗುವುದು ಮುಖ್ಯವಾಗಿ ಬೇರೆ ವಸ್ತು. ಬೇರು ತನ್ನದೇ ಕಿಣ್ವಗಳನ್ನು ಇಟ್ಟುಕೊಂಡು ಬೇರೆ ದಾರಿಯಲ್ಲಿ ಅಡುಗೆ ಮಾಡುತ್ತದೆ ಎಂದು 2016ರಲ್ಲಿ ಸಂಶೋಧಕರು ತೋರಿಸಿದರು.

ಈ ಬೇರನ್ನು ಹದ ಮಾಡುವುದರಲ್ಲಿ ಒಂದು ಗುಟ್ಟಿದೆ. ತಣ್ಣೀರಲ್ಲಿ ನೆನೆಹಾಕಿ ಹೋಳು ಮಾಡಿದರೆ ಹಳದಿ ಹೋಗಿ ಹಸಿರಾಗುತ್ತದೆ. ಬಾಳೆಕುಂಡಿಗೆ (ಬಾಳೆಹೂ) ಕೊಚ್ಚಿದವರಿಗೆ ಇದರ ಬುಡ ಗೊತ್ತು. ಕೊಚ್ಚಿದ ಕುಂಡಿಗೆಯನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ ಅಲ್ವಾ? ಗಾಯವಾದ ಜೀವಕೋಶದಿಂದ ಹೊರಬಂದ ಕಿಣ್ವ ಗಾಳಿಯ ಜೊತೆ ಸೇರಿ ಮಾಡುವ ಕೆಲಸ ಅದು. ಹ್ವಾಂಗ್ ಚಿನ್‌ನಲ್ಲೂ ಕಿಣ್ವವೊಂದು ಬೈಕಾಲಿನ್‌ಗೆ ಅಂಟಿದ ಸಕ್ಕರೆಯಂಥ ತುಂಡನ್ನು ಕಿತ್ತುಹಾಕುತ್ತದೆ. ಉಳಿದ ಬೈಕಾಲೀನ್ ಗಾಳಿ ತಾಗಿ ಹಸಿರಾಗುತ್ತದೆ. ಮದ್ದಿನ ಶಕ್ತಿಯೂ ಅದರೊಂದಿಗೆ ಇಳಿಯುತ್ತದೆ. ಅದಕ್ಕೇ ಬೇರನ್ನು ಮೊದಲು 10 ನಿಮಿಷ ಕುದಿಸಿ ಅಥವಾ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಆಮೇಲೆ ಹೋಳು ಮಾಡುವುದು ಅಲ್ಲಿಯ ಕ್ರಮ. ಬಿಸಿಗೆ ಕಿಣ್ವ ಸಾಯುತ್ತದೆ. ತಮಾಷೆ ನೋಡಿ, ಆ ಕಿಣ್ವ ಮಾಡುವ ಕೆಲಸವನ್ನೇ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಮಾಡುತ್ತವೆ. ಬೈಕಾಲಿನ್ ಇದ್ದಹಾಗೆ ಸುಲಭಕ್ಕೆ ರಕ್ತಕ್ಕೆ ಇಳಿಯುವುದಿಲ್ಲ. ಬ್ಯಾಕ್ಟೀರಿಯಾ ತುಂಡು ಮಾಡಿಕೊಟ್ಟ ಮೇಲೆಯೇ ಅದು ಒಳಗೆ ಹೋಗುವುದು.

ದೊಡ್ಡಮ್ಮನ ಬಾಟಲಿಯದ್ದು ಇದಲ್ಲ. ಅದು ಅಮೆರಿಕದ ಜಾತಿ, ಸ್ಕುಟೆಲ್ಲೇರಿಯಾ ಲ್ಯಾಟೆರಿಫ್ಲೋರಾ. ಇಲ್ಲಿ ಬೇರಲ್ಲ, ಮೇಲಿನ ಸೊಪ್ಪು ಮದ್ದು. ಅಲ್ಲಿಯವರು ಇದನ್ನು ಹುಚ್ಚುನಾಯಿ ಸ್ಕಲ್‌ಕ್ಯಾಪ್ ಎಂದೂ ಕರೆಯುತ್ತಾರೆ. 1773ರ ಸುಮಾರಿಗೆ ನ್ಯೂಜೆರ್ಸಿಯ ವೈದ್ಯರೊಬ್ಬರು ನಾಯಿ ಕಡಿತಕ್ಕೆ ಇದನ್ನು ಕೊಡತೊಡಗಿ ಹೆಸರುವಾಸಿಯಾದರು. ಗುಣವಾದದ್ದು ಹೇಗೆ? ಹುಚ್ಚುನಾಯಿ ಕಚ್ಚಿದ ಎಲ್ಲರಿಗೂ ರೋಗ ಬರುವುದಿಲ್ಲ. ಬಾರದೆ ಉಳಿದವರು ಸೊಪ್ಪಿಗೆ ಕೈಮುಗಿದರು, ರೋಗ ಬಂದವರು ಮಾತಾಡಲು ಉಳಿಯಲಿಲ್ಲ. ಅಷ್ಟೇ. (ನಮ್ಮ ಕಡೆಯಲ್ಲೂ ನಾಯಿ ಕಡಿತಕ್ಕೆ ಊರಮದ್ದು ಕೊಡುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ಚುಚ್ಚುಮದ್ದಿಗೆ ಓಡಿ.)

ಆಮೇಲೆ ಅದು ನರಗಳನ್ನು ತಣಿಸುವ, ನಿದ್ದೆ ಬರಿಸುವ ಸೊಪ್ಪಾಗಿ ಉಳಿಯಿತು. 2014ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 43 ಆರೋಗ್ಯವಂತರಿಗೆ ಎರಡು ವಾರ ಇದನ್ನು, ಎರಡು ವಾರ ಬರೀ ಹುಸಿಮಾತ್ರೆಯನ್ನು ಕೊಟ್ಟು ನೋಡಿದರು. ಮನಸ್ಸು ಸ್ವಲ್ಪ ಹಗುರಾದಂತೆ ಕಂಡಿತು, ಆತಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂವರೆ ಶತಮಾನದ ಹೆಸರಿಗೆ ಇದು ಬಹಳ ಸಣ್ಣ ಸಾಕ್ಷಿ.

ನಿಜವಾದ ಕಥೆ ಮುಂದಿದೆ. 1989ರಲ್ಲಿ ಬ್ರಿಟನ್ನಿನ ವೈದ್ಯರು ನಾಲ್ಕು ಹೆಂಗಸರ ಲಿವರ್ ಹಾಳಾದ ವಿಷಯ ಬರೆದರು. ಅವರು ತಿನ್ನುತ್ತಿದ್ದ ನೆಮ್ಮದಿ ಮಾತ್ರೆಗಳ ಪಟ್ಟಿಯಲ್ಲಿ ಸ್ಕಲ್‌ಕ್ಯಾಪ್ ಹೆಸರಿತ್ತು. ಎಲ್ಲರೂ ಅದರ ಮೇಲೆ ಬೊಟ್ಟು ಮಾಡಿದರು. ಆದರೆ ಆ ಕಾಲದಲ್ಲಿ ಅಲ್ಲಿ ಸ್ಕಲ್‌ಕ್ಯಾಪ್ ಎಂದು ಮಾರಾಟವಾಗುತ್ತಿದ್ದ ಸೊಪ್ಪಿನಲ್ಲಿ ಬೇರೆಯೇ ಗಿಡ ಸೇರಿಕೊಂಡಿತ್ತು. ಅದು ಟ್ಯೂಕ್ರಿಯಂ. ಇದೂ ತುಳಸಿ ಕುಟುಂಬದ್ದೇ, ದಂಟಿಗೆ ನಾಲ್ಕು ಮೂಲೆ, ಎಲೆ ಎದುರುಬದುರು. ಹಸಿಯಾಗಿರುವಾಗ ಬೇರೆ ಎಂದು ಹೇಳಬಹುದು, ಅದರ ಬಟ್ಟಲಿಗೆ ಟೊಪ್ಪಿ ಇಲ್ಲವಲ್ಲ. ಒಣಗಿಸಿ ಪುಡಿ ಮಾಡಿದ ಮೇಲೆ? ಟ್ಯೂಕ್ರಿಯಂನ ಕೆಲವು ಜಾತಿಗಳಲ್ಲಿರುವ ವಸ್ತುವನ್ನು ಲಿವರ್ ಶುದ್ಧ ಮಾಡಲು ಹೋಗಿ ತಾನೇ ವಿಷ ಮಾಡಿಕೊಳ್ಳುತ್ತದೆ. ತೂಕ ಇಳಿಸುವ ಸೊಪ್ಪೆಂದು ಟ್ಯೂಕ್ರಿಯಂನ ಒಂದು ಜಾತಿಯನ್ನು ತಿಂದು ಹಲವರಿಗೆ ಕಾಮಾಲೆ ಬಂದಮೇಲೆ ಫ್ರಾನ್ಸ್ 1992ರಲ್ಲಿ ಅದನ್ನು ನಿಷೇಧಿಸಿತು.

ಗಿಡ ಸರಿಯಾಗಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಚೀನಾದ ಸ್ಕಲ್‌ಕ್ಯಾಪ್ ಬೇರು ಮತ್ತು ನಾವು ಎಲೆಅಡಿಕೆಗೆ ಹಾಕುವ ಕಾಚಿನ ಮರದ ಸಾರವನ್ನು ಸೇರಿಸಿ ಮೊಣಕಾಲು ನೋವಿಗೆ ಅಮೆರಿಕದಲ್ಲಿ ಒಂದು ಕ್ಯಾಪ್ಸೂಲ್ ಬಂದಿತ್ತು. ಲಿವರ್ ಪೆಟ್ಟುತಿಂದ ವರದಿಗಳು 2012ರಲ್ಲಿ ಬಂದವು, 2018ರಲ್ಲಿ ಅದು ಮಾರುಕಟ್ಟೆಯಿಂದ ಹಿಂದೆ ಹೋಯಿತು.

ಗಿಡದ ಹೆಸರು ತಪ್ಪುವುದು ಅಂದರೆ ಏನು ಎಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಂದೊಂದು ಸೊಪ್ಪಿಗೆ ಮನೆಗೊಂದು ಭಾಷೆ. ಸಾಂಬ್ರಾಣಿ ಅಂದರೆ ನಮಗೆ ಮೊದಲು ನೆನಪಾಗುವುದು ಪಲ್ಯ ಮಾಡುವ ಗೆಡ್ಡೆ. ಮೈಸೂರಿನವರಿಗೆ ಅದು ಧೂಪ. ಒಮ್ಮೆ ದೊಡ್ಡಮ್ಮ ತಂಬುಳಿಗೆ ಬ್ರಾಹ್ಮಿ ಸೊಪ್ಪು ತಾ ಎಂದಿದ್ದರು. ಪೇಟೆಯ ಮದ್ದಿನಂಗಡಿಯಲ್ಲಿ ಕೇಳಿದೆ, ಕಟ್ಟು ಸಿಕ್ಕಿತು. ಮನೆಯಲ್ಲಿ ಬಿಚ್ಚಿದರೆ ಸಣ್ಣ ಸಣ್ಣ ದಪ್ಪ ಎಲೆ, ಉದ್ದದ ಬಳ್ಳಿ. "ಇದೆಂತ ತಂದದ್ದು? ತಿಮರೆ ಎಲ್ಲಿ?" ಎಂದು ಬೈದರು. ಅವರ ಬ್ರಾಹ್ಮಿ ಅಂದರೆ ಒಂದೆಲಗ, ತುಳುವಿನ ತಿಮರೆ. ಮಲಯಾಳಂ ಮಾತಾಡುವ ಅಂಗಡಿಯವರ ಬ್ರಹ್ಮಿ ಅಂದರೆ ಬಕೋಪಾ, ಗದ್ದೆಯ ಬದುವಿನಲ್ಲಿ ಹಬ್ಬುವ ನೀರುಗಿಡ. ಇಬ್ಬರದ್ದೂ ತಪ್ಪಿಲ್ಲ. ಎರಡೂ ಬುದ್ಧಿಗೆ ಒಳ್ಳೆಯದು ಎಂದು ಹೆಸರು ಪಡೆದಿವೆ, ಆದರೆ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಸಾಯನವೂ ಬೇರೆ. ಹೆಸರಿನ ಗಡಿ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಗಿದೆ.

ಹಳಬರಿಗೆ ಈ ಭಯ ಇತ್ತು. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯಲು ಹಾಲೆಮರದ ತೊಗಟೆ ತರುವುದು ಬೆಳಕು ಹರಿಯುವ ಮೊದಲು. ಕತ್ತಲಲ್ಲಿ ಕೈ ಕಾಸರಕದ ಮರಕ್ಕೆ ಹೋದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಅದಕ್ಕೆ ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲಲ್ಲೇ ಮರ ನೋಡಿ, ಗೆಲ್ಲಿನ ಸುತ್ತ ಏಳೇಳು ಎಲೆ ಇವೆಯಾ, ಕೆತ್ತಿದರೆ ಹಾಲು ಬರುತ್ತದಾ ಎಂದು ಖಾತ್ರಿ ಮಾಡಿ ಬಳ್ಳಿ ಕಟ್ಟಿ ಬರುತ್ತಿದ್ದರು. ಈಗಿನ ಪ್ರಯೋಗಾಲಯಗಳು ಪುಡಿಯ ರಸಾಯನವನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿ ಮಾಡುವುದು ಅದೇ ಕೆಲಸ.

ದೊಡ್ಡಮ್ಮ ಒಂದು ಕ್ಯಾಪ್ಸೂಲ್ ಬಿಚ್ಚಿ ಸ್ಟೀಲ್ ತಟ್ಟೆಗೆ ಸುರಿದರು. ಕಂದು ಹಸಿರು ಪುಡಿ. ಬೆರಳಲ್ಲಿ ಉಜ್ಜಿ ಮೂಸಿದರು. "ಇದರಲ್ಲಿ ಟೊಪ್ಪಿ ಎಲ್ಲಿ ಉಂಟು?" ಎಂದರು. ಬಿಪಿ ಮಾತ್ರೆ ಬೇರೆ ನಡೆಯುತ್ತಿದೆ, ಡಾಕ್ಟರಿಗೆ ತೋರಿಸದೆ ಬೇಡ ಎಂದೆ. ತೋರಿಸಿದರು, ಅವರು ಬೇಡ ಎಂದರು.

ಮೊನ್ನೆ ಹೋದಾಗ ಅಡುಗೆಮನೆಯ ಕಪಾಟಿನಲ್ಲಿ ಅದೇ ಬಾಟಲಿ. ಗಟ್ಟಿ ಮುಚ್ಚಳದ ಬಾಟಲಿ, ಬಿಸಾಡಲು ಮನಸ್ಸು ಬರಲಿಲ್ಲವಂತೆ. ಒಳಗೆ ಓಮ ತುಂಬಿಸಿಟ್ಟಿದ್ದಾರೆ. ಹೊರಗೆ ಇನ್ನೂ ಸ್ಕಲ್‌ಕ್ಯಾಪ್ ಎಂದೇ ಬರೆದಿದೆ.