ಅಡಕೆ ಅಂಗಳಕ್ಕೆ ಬಂದ ಕಾಫಿ ಹಣ್ಣು

ಮೊದಲ ವರ್ಷದ ಕಾಫಿ ಕೆಟ್ಟದ್ದು ನನ್ನಿಂದಲೇ. ಕೊಯ್ದ ಹಣ್ಣನ್ನು ಗೋಣಿಗೆ ತುಂಬಿ, ಬಾಯಿ ಕಟ್ಟಿ, ಎರಡು ರಾತ್ರಿ ಕೊಟ್ಟಿಗೆ ಪಕ್ಕ ಇಟ್ಟಿದ್ದೆ. ಅದೇ ವಾರ ಅಡಕೆ ಕೊಯ್ಲು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮೂರನೇ ದಿನ ಗೋಣಿಯೊಳಗೆ ಕೈ ಹಾಕಿದರೆ ಬಿಸಿ! ಜೊತೆಗೆ ಹಳಸಿದ ಗಂಜಿಯ ವಾಸನೆ. ಒಣಗಿಸಿ, ಹುರಿದು, ಕುಡಿದರೂ ಆ ಹುಳಿ ಹೋಗಿರಲಿಲ್ಲ.

ಕಾಫಿ ಹಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ. ಎರಡು ಬೀಜ ಪುಳಕ್ಕನೆ ಹೊರಗೆ ಬರುತ್ತವೆ, ಮೈತುಂಬ ಲೋಳೆ. ನೆಕ್ಕಿದರೆ ಸಿಹಿ. ಸಿಪ್ಪೆಯ ಮೇಲಿರುವ ಯೀಸ್ಟ್‌ಗಳಿಗೆ ಈ ಸಕ್ಕರೆಯೇ ಊಟ. ಅವು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತವೆ, ಜೊತೆಗೆ ಹಣ್ಣಿನ ಪರಿಮಳವನ್ನೂ. ರಾಶಿ ಬಿಸಿಯಾಗಿ ಕೂತರೆ ಬೇರೆ ಬ್ಯಾಕ್ಟೀರಿಯಾ ಬಂದು ಆ ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತವೆ. ದೋಸೆ ಹಿಟ್ಟು ಹದವಾಗಿ ಹುಳಿ ಬರುವುದಕ್ಕೂ ಕೆಡುವುದಕ್ಕೂ ಇರುವಷ್ಟೇ ಅಂತರ.

ನಮ್ಮದು ಕಾಸರಗೋಡಿನ ದೇಲಂಪಾಡಿ ಕಡೆಯ ಗುಡ್ಡೆ. ಅಡಕೆ ಮರಗಳ ನಡುವೆ ರೋಬಸ್ಟಾ ಜಾತಿಯ ಕಾಫಿ. 'ಅರೇಬಿಕಾ ಹಾಕಬಹುದಿತ್ತಲ್ವಾ' ಎಂದು ಕೇಳುವವರಿದ್ದಾರೆ. ಅದಕ್ಕೆ ಸಾವಿರ ಮೀಟರ್ ಆಸುಪಾಸಿನ ಎತ್ತರ, ತಂಪು ರಾತ್ರಿ ಬೇಕು. ಕಾಸರಗೋಡಿನಲ್ಲಿ ರಾಣಿಪುರ ಬೆಟ್ಟದ ತುದಿಯೇ ಸುಮಾರು 1,048 ಮೀಟರ್. ನಮ್ಮ ಗುಡ್ಡೆ ಅದರ ಮೊಣಕಾಲಿಗೂ ಬಾರದು. ತಂಪಿನಲ್ಲಿ ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ರೋಬಸ್ಟಾ ಸೆಕೆ ತಡೆಯುತ್ತದೆ. ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು, ಸಕ್ಕರೆ ಕಮ್ಮಿ. ಕೆಫೀನ್ ನಮಗೆ ಉಲ್ಲಾಸ, ಗಿಡಕ್ಕೆ ಕೀಟಗಳಿಂದ ರಕ್ಷಣೆ. ರೋಬಸ್ಟಾದ ಕಹಿಗೆ ಅದೊಂದೇ ಕಾರಣ ಅಲ್ಲ. ಕ್ಲೋರೋಜೆನಿಕ್ ಆಮ್ಲವೂ ಇದರಲ್ಲಿ ಜಾಸ್ತಿ. ಹುರಿಯುವಾಗ ಅದು ಒಡೆದು ಕಹಿ ಪದಾರ್ಥಗಳಾಗುತ್ತದೆ.

ಇರುವ ಸ್ವಲ್ಪ ಸಕ್ಕರೆ ಬೀಜಕ್ಕೆ ಪೂರ್ತಿ ಸಿಗಬೇಕಾದರೆ ಹಣ್ಣು ಚೆನ್ನಾಗಿ ಕೆಂಪಾಗಬೇಕು. ಹೂಮಳೆಯಿಂದ ಕೊಯ್ಲಿಗೆ ರೋಬಸ್ಟಾ ಹತ್ತು-ಹನ್ನೊಂದು ತಿಂಗಳು ತೆಗೆದುಕೊಳ್ಳುತ್ತದೆ. ಒಂದೇ ಗೊಂಚಲಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ದೊಡ್ಡ ತೋಟದಲ್ಲಿ ಕೂಲಿ ಲೆಕ್ಕ ಹಾಕಿ ರೆಂಬೆಯನ್ನೇ ಸವರಿಬಿಡುತ್ತಾರೆ. ತಪ್ಪು ಅನ್ನಲಾರೆ, ಆಳು ಎಲ್ಲಿ ಸಿಗುತ್ತಾರೆ? ಆದರೆ ನಮ್ಮಂಥ ಮನೆಮಂದಿಯ ತೋಟದಲ್ಲಿ ಅಮ್ಮ ಸಂಜೆ ಸುಮ್ನೆ ಒಂದು ಸುತ್ತು ಹೋಗಿ ಕೆಂಪಗಿದ್ದದ್ದನ್ನಷ್ಟೇ ಕಿತ್ತು ತರುತ್ತಾರೆ. ಒಂದೇ ಗಿಡಕ್ಕೆ ನಾಲ್ಕು ಸಲ. ಅವರಿಗೂ ಮೊದಲು ರುಚಿ ನೋಡುವುದು ಬಾವಲಿಗಳು, ಅವುಗಳ ಆಯ್ಕೆ ತಪ್ಪುವುದಿಲ್ಲ.

ತಂದ ಹಣ್ಣನ್ನು ಬಕೆಟ್ ನೀರಿಗೆ ಹಾಕುತ್ತೇವೆ. ಜೊಳ್ಳು ತೇಲುತ್ತದೆ, ಅದು ನಮ್ಮ ಬೆಲ್ಲದ ಕಾಫಿಗೆ.

ಇನ್ನು ಒಣಗಿಸುವುದು. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಕೆಗೆ 40-45 ದಿನ ಬಿಸಿಲು ಕೊಟ್ಟು ಅಭ್ಯಾಸ ಇರುವ ಅಂಗಳ ಇದು. 'ಬಿಸಿಲು ಜೋರಿದ್ದಷ್ಟು ಒಳ್ಳೇದು' ಎಂದುಕೊಂಡಿದ್ದೆವು. ಕಾಫಿಯಲ್ಲಿ ಹಾಗಲ್ಲ. ಸುಡುಬಿಸಿಲಿಗೆ ಸಿಪ್ಪೆ ಬೇಗ ಗಡುಸಾಗುತ್ತದೆ, ಒಳಗಿನ ನೀರು ಹೊರಬರಲು ದಾರಿ ಇಲ್ಲದೆ ಉಳಿಯುತ್ತದೆ. ಆಮೇಲೆ ಬೂಸಲು. ಅದಕ್ಕೇ ತೆಳ್ಳಗೆ ಹರಡಿ, ಮಧ್ಯಾಹ್ನ ನೆರಳು ಬಲೆ ಎಳೆದು, ಗಂಟೆಗೊಮ್ಮೆ ಕೈಯಾಡಿಸುತ್ತೇವೆ. ರಾತ್ರಿ ಇಬ್ಬನಿ ತಾಗದಂತೆ ಮುಚ್ಚುತ್ತೇವೆ. ಬೀಜದ ತೇವ ಶೇಕಡ 11ರ ಸುತ್ತ ಬರಬೇಕು.

ಕಾಫಿಗೆ ಅಂಕ ಕೊಡಲು ರುಚಿ ನೋಡುವವರು ಚಮಚದಿಂದ 'ಸುರ್' ಎಂದು ಜೋರಾಗಿ ಹೀರುತ್ತಾರೆ. ಕಾಫಿ ಹನಿಹನಿಯಾಗಿ ಚಿಮ್ಮಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಹೋಗಲಿ ಎಂದು. ನೂರಕ್ಕೆ 80 ಅಂಕ ಬಂದರೆ 'ಸ್ಪೆಷಾಲಿಟಿ' ಎಂಬ ಮೇಲ್ದರ್ಜೆ, ರೋಬಸ್ಟಾ ಆದರೆ ಅದನ್ನು 'ಫೈನ್' ಅನ್ನುತ್ತಾರೆ. ನಮ್ಮದು ಇನ್ನೂ ಆ ಮೇಜಿಗೆ ಹೋಗಿಲ್ಲ. ಈ ಸಲದ್ದು ಅಂಗಳದಲ್ಲಿದೆ. ನಿನ್ನೆ ಅಪ್ಪ ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು. ಗಲಗಲ ಅನ್ನಲಿಲ್ಲ. 'ಇನ್ನೂ ನಾಲ್ಕು ಬಿಸಿಲು' ಅಂದರು.