ಡುಮಾಂಟ್ ಟಿವಿ ಮುಳುಗಿದ್ದು ಯಾಕೆ?

ಅಮೆರಿಕದ ಟಿವಿ ಅಂದರೆ ಎನ್‌ಬಿಸಿ, ಸಿಬಿಎಸ್, ಎಬಿಸಿ ಅಂತ ಬಹಳ ಕಾಲ ಮೂರೇ ಹೆಸರು. ಶುರುವಿನಲ್ಲಿ ನಾಲ್ಕನೆಯದೂ ಇತ್ತು, ಡುಮಾಂಟ್. 1956ರಲ್ಲಿ ಅದು ಬಾಗಿಲು ಹಾಕಿತು. ಕಾರ್ಯಕ್ರಮ ಚೆನ್ನಾಗಿರಲಿಲ್ಲ, ಜನ ನೋಡಲಿಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ಊರಲ್ಲಿ ಅದನ್ನು ತೋರಿಸುವ ಸ್ಟೇಷನ್ನೇ ಇಲ್ಲದಿದ್ದರೆ ಜನ ನೋಡುವುದಾದರೂ ಹೇಗೆ?

ಕಾರ್ಯಕ್ರಮ ಮಾಡಿ ದೇಶಕ್ಕೆಲ್ಲ ಹಂಚುವ ಈ ನೆಟ್‌ವರ್ಕ್‌ಗಳು ಊರೂರಲ್ಲೂ ಸ್ವಂತ ಟವರ್ ನಿಲ್ಲಿಸುತ್ತಿರಲಿಲ್ಲ. ಸ್ಥಳೀಯ ಸ್ಟೇಷನ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಆ ಮಾಲೀಕರಲ್ಲಿ ಎಷ್ಟೋ ಜನ ರೇಡಿಯೊದವರೇ, ಎನ್‌ಬಿಸಿ, ಸಿಬಿಎಸ್ ಜೊತೆ ಅವರಿಗೆ ಹಳೇ ನಂಟು. ಊರಿಗೆ ಒಂದೋ ಎರಡೋ ಸ್ಟೇಷನ್ ಇದ್ದರೆ ಡುಮಾಂಟ್‌ಗೆ ಉಳಿಯುತ್ತಿದ್ದದ್ದು ಬೇರೆಯವರು ಬಿಟ್ಟ ಹೊತ್ತು ಮಾತ್ರ.

ಸ್ಟೇಷನ್ ಯಾಕೆ ಅಷ್ಟು ಕಮ್ಮಿ? ಆಗ ಟಿವಿಗೆ ಬಳಸುತ್ತಿದ್ದ ವಿಎಚ್‌ಎಫ್ ಅನ್ನುವ ಆವರ್ತನ ಪಟ್ಟಿಯಲ್ಲಿ ಇದ್ದದ್ದು 2ರಿಂದ 13ರವರೆಗೆ 12 ಚಾನೆಲ್, ಒಂದೊಂದೂ 6 ಮೆಗಾಹರ್ಟ್ಸ್ ಅಗಲ. ಪಕ್ಕಪಕ್ಕದ ಚಾನೆಲ್ ಒಂದೇ ಊರಲ್ಲಿ ಕೊಡುವಂತಿರಲಿಲ್ಲ, ಒಂದರ ಸಿಗ್ನಲ್ ಇನ್ನೊಂದಕ್ಕೆ ನುಗ್ಗುತ್ತಿತ್ತು. ನ್ಯೂಯಾರ್ಕ್‌ಗೆ ಸಿಕ್ಕಿದ್ದು 2, 4, 5, 7, 9, 11, 13. ಅರೆ, 4 ಮತ್ತು 5 ಪಕ್ಕದವಲ್ವಾ? ಅಲ್ಲ! 4 ಮುಗಿಯುವುದು 72 ಮೆಗಾಹರ್ಟ್ಸ್‌ಗೆ, 5 ಶುರುವಾಗುವುದು 76ಕ್ಕೆ. ಮಧ್ಯದ ಜಾಗ ಬೇರೆ ಸೇವೆಗಳದ್ದು.

ಎರಡು ಊರುಗಳು ಒಂದೇ ಚಾನೆಲ್ ಬಳಸಿದರೆ ಇನ್ನೊಂದು ತಲೆನೋವು. ಎರಡೂ ಅಲೆಗಳ ಆವರ್ತನ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಆ ಸಣ್ಣ ವ್ಯತ್ಯಾಸ ಪರದೆ ಮೇಲೆ ಕಿಟಕಿಯ ಅಡ್ಡಪಟ್ಟಿಗಳ ಹಾಗೆ ಕಪ್ಪು ಬಿಳುಪು ಗೆರೆಯಾಗಿ ಮೂಡುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇಲ್ಲಿದೆ: ಒಂದು ಸ್ಟೇಷನ್ನಿನ ಆವರ್ತನವನ್ನು ಬೇಕಂತಲೇ 10 ಕಿಲೋಹರ್ಟ್ಸ್ ಸರಿಸಿಬಿಟ್ಟರು. ವ್ಯತ್ಯಾಸ ಜಾಸ್ತಿಯಾದಷ್ಟೂ ಗೆರೆಗಳು ತೆಳುವಾಗಿ ಒತ್ತೊತ್ತಾಗುತ್ತವೆ, ಆಮೇಲೆ ಕಣ್ಣು ಅವನ್ನು ಅಷ್ಟಾಗಿ ಗಮನಿಸುವುದಿಲ್ಲ. ಗಲಾಟೆ ಹೋಗಿಲ್ಲ, ಕಾಣಿಸುತ್ತಿಲ್ಲ ಅಷ್ಟೇ.

ಇಂಥ ತೊಡಕು ಬಿಡಿಸಲೆಂದೇ 1948ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊಸ ಪರವಾನಗಿ ನಿಲ್ಲಿಸಿತು. ಕೆಲವು ತಿಂಗಳ ಮಾತು ಅಂದುಕೊಂಡಿದ್ದು 1952ರ ಏಪ್ರಿಲ್‌ವರೆಗೆ ಎಳೆಯಿತು. ಅಷ್ಟೂ ಕಾಲ ಇಡೀ ದೇಶಕ್ಕೆ ನೂರು ಚಿಲ್ಲರೆ ಸ್ಟೇಷನ್. ಕೊನೆಗೆ ಯುಎಚ್‌ಎಫ್ ಅನ್ನುವ, ಇನ್ನೂ ಹೆಚ್ಚಿನ ಆವರ್ತನಗಳ ಪಟ್ಟಿಯಲ್ಲಿ 70 ಚಾನೆಲ್ ಕೊಟ್ಟರು, ಆದರೆ ಮನೆಗಳಲ್ಲಿದ್ದ ಹೆಚ್ಚಿನ ಸೆಟ್‌ಗಳು ಅದನ್ನು ಹಿಡಿಯುತ್ತಲೇ ಇರಲಿಲ್ಲ! ಬೇರೆ ಡಬ್ಬಿ ಕೊಂಡು ಜೋಡಿಸಬೇಕಿತ್ತು, ಜೋಡಿಸಿದರೂ ಗುಡ್ಡ, ಮರ ಅಡ್ಡ ಬಂದರೆ ಸಿಗ್ನಲ್ ಸೊರಗುತ್ತಿತ್ತು. ಎಲ್ಲ ಸೆಟ್‌ಗಳಲ್ಲೂ ಯುಎಚ್‌ಎಫ್ ಇರಲೇಬೇಕು ಅಂತ ಕಾನೂನು ಬಂದದ್ದು 1962ರಲ್ಲಿ.

ಡುಮಾಂಟ್ ಕೈಯಲ್ಲಿದ್ದ ಒಂದೇ ಗಟ್ಟಿ ದಾಳ ಪಿಟ್ಸ್‌ಬರ್ಗ್. ಅಲ್ಲಿ ವರ್ಷಗಟ್ಟಲೆ ಇದ್ದದ್ದು ಒಂದೇ ಸ್ಟೇಷನ್, ಅದು ಡುಮಾಂಟ್‌ನದೇ. ಆ ದೊಡ್ಡ ಊರಲ್ಲಿ ಕಾಣಿಸಿಕೊಳ್ಳಬೇಕಾದರೆ ಎನ್‌ಬಿಸಿ, ಸಿಬಿಎಸ್ ಕೂಡ ಇವರನ್ನೇ ಕೇಳಬೇಕಿತ್ತು. 1954ರ ಕೊನೆಗೆ ದುಡ್ಡಿಲ್ಲದೆ ಅದನ್ನೂ 97.5 ಲಕ್ಷ ಡಾಲರ್‌ಗೆ ಮಾರಿದರು. ಉಳಿದದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ನ ಎರಡು ಸ್ಟೇಷನ್, ಎರಡೂ ಚಾನೆಲ್ 5. ಕೈಯಿಂದ ಕೈಗೆ ಹೋದ ಆ ಎರಡೂ ಸ್ಟೇಷನ್‌ಗಳು 1986ರಲ್ಲಿ ಹೊಸ ನಾಲ್ಕನೇ ನೆಟ್‌ವರ್ಕ್ ಫಾಕ್ಸ್‌ಗೆ ಬುನಾದಿಯಾದವು.